ಬೀಗರಿಲ್ಲದ ದೇವರು

ದೇವರೊಬ್ಬನೇ ಎಂದು ಹೇಳುವವರು ಒಂದೇ ಪ್ರಶ್ನೆಯನ್ನು ಎರಡು ಗುಡಿಗಳಲ್ಲಿ ಕೇಳಿ ನೋಡಿರುವುದಿಲ್ಲ. ಗೌರಾಬಾಯಿ ಕೇಳಿ ನೋಡಿದ್ದಳು. ಅಲಖನೂರಿನಲ್ಲಿ ತವರುಮನೆಯ ದೇವರು ಬಲಕ್ಕೆ ಹೂ ಕೊಟ್ಟು ‘ಆಗಲಿ’ ಎಂದಿದ್ದ. ಶಿರಗುಪ್ಪಿಯಲ್ಲಿ ಗಂಡನ ಮನೆಯ ದೇವರು ಎಡಕ್ಕೆ ಹೂ ಕೊಟ್ಟು ‘ಬೇಡ’ ಎಂದಿದ್ದ. ಎರಡೂ ಕಡೆ ಪೂಜಾರಿಗಳು ಒದ್ದೆ ಸೇವಂತಿಗೆಯ ಎಸಳುಗಳನ್ನು ಮೂರ್ತಿಯ ಎರಡೂ ಭುಜಗಳಿಗೆ ಅಂಟಿಸಿ, ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿ, ಯಾವ ಕಡೆಯದು ಮೊದಲು ಉದುರುತ್ತದೆಂದು ಊರವರ ಸಮಕ್ಷಮ ಕಾದಿದ್ದರು. ಕ್ರಮದಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ಪ್ರಶ್ನೆ ಇಷ್ಟೇ. ಗೌರಾಬಾಯಿಯ ತಮ್ಮ ಬಸವಂತನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಮಿರಜಿಗೆ ಹೋಗಿ, ನಾಲ್ಕು ನಾಲ್ಕು ತಾಸು ಯಂತ್ರಕ್ಕೆ ಮೈಯೊಡ್ಡಿ, ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅವನ ಹೆಂಡತಿ ಗಂಗಾಳ ರಕ್ತ ಅವನಿಗೆ ಹೊಂದಲಿಲ್ಲ. ಅಕ್ಕನದು ಹೊಂದಿತು. ಹೊಂದಿದ್ದು ಎಂಥ ಹೊಂದಿಕೆ ಎಂದರೆ, ಡಾಕ್ಟರು ರಿಪೋರ್ಟು ತಿರುವಿ ಹಾಕುತ್ತ, ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿದ ಜಾತಕ ನೋಡಿದವರಂತೆ ತಲೆದೂಗಿದ್ದರು. ಅದಾಗಿ ಆರು ತಿಂಗಳು. ಬರುವ ಮಂಗಳವಾರ ದವಾಖಾನೆಯ ಕಮಿಟಿ ಕೂಡುವುದಿತ್ತು. ಅಕ್ಕ ಅಲ್ಲಿ ಕೂತು, ‘ನನ್ನ ಸ್ವಂತ ಮನಸ್ಸಿನಿಂದ ಒಂದು ಕಿಡ್ನಿ ಕೊಡುತ್ತೇನೆ’ ಎನ್ನಬೇಕು. ಗಂಡ ಸಹಿ ಹಾಕಬೇಕು. ಗಂಡ ರಾವಸಾಹೇಬ ಮಾತ್ರ ಒಪ್ಪಿರಲಿಲ್ಲ. ಕುಲದೇವರು ಬೇಡವೆಂದ ಮೇಲೆ ನಾನು ಯಾವ ಲೆಕ್ಕದವ ಎಂಬುದು ಅವನ ವಾದ. ಹತ್ತೆಕರೆ ಕಬ್ಬು, ನಾಲ್ಕೆಕರೆ ದ್ರಾಕ್ಷಿಯ ಧಣಿ ತನ್ನನ್ನು ಯಾವ ಲೆಕ್ಕಕ್ಕೂ ಇಲ್ಲದವನೆಂದು ಹೇಳಿಕೊಂಡದ್ದನ್ನು ಊರು ಮೊದಲ ಸಲ ಕೇಳಿತ್ತು.

ಮೂರನೆಯ ದೇವರ ಹೆಸರೆತ್ತಿದವನು ಬಸವಂತ. ವಾರ್ಡಿನ ಟೀವಿಯಲ್ಲಿ ಕ್ರಿಕೆಟ್ ನೋಡಿ ನೋಡಿ ಅವನ ಮಾತಿಗೆ ಆ ರುಚಿ ಹತ್ತಿತ್ತು.

“ಇಬ್ರು ಅಂಪೈರಗೋಳು ಜಗಳಾಡಿದ್ರ ಥರ್ಡ್ ಅಂಪೈರ್ ಕಡೆ ಹೋಗ್ತಾರಲ್ರಿ ದಾಜಿ. ನಾವೂ ಹೋಗೂಣು,” ಎಂದ ಅಕ್ಕನ ಗಂಡನಿಗೆ.

“ಯಾರಂವಾ ನಿನ್ನ ಥರ್ಡ್ ಅಂಪೈರು?”

“ಆಂವ ಅಲ್ರಿ, ಆಕಿ. ನಿಪ್ಪಾಣಿ ಆಚಿ ಗುಡ್ಡದ ಮ್ಯಾಲ ಕಿರಿಸ್ತಾನರ ಮೇರಿ ಮಾವುಲಿ, ಏಸುನ ತಾಯಿ, ಅದಾಳಲ್ಲ. ಭಾಳ ಜಾಗೃತ ಅಂತ ನರ್ಸಬಾಯಿ ಹೇಳ್ತಾಳ. ಮತ್ತ ಮುಖ್ಯ ಏನಂದ್ರ, ಆಕಿಗೆ ಅಲಖನೂರಾಗೂ ಬೀಗರಿಲ್ಲ, ಶಿರಗುಪ್ಪ್ಯಾಗೂ ಬೀಗರಿಲ್ಲ. ಯಾರ ಮುಲಾಜೂ ಇಲ್ಲ.”

ಈ ಮಾತು ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ಮಾವುಲಿ ಏನು ಹೇಳಿದರೂ ಅದೇ ಕಡೆಯ ಮಾತು, ಆಮೇಲೆ ಯಾರೂ ಇನ್ನೊಂದು ಗುಡಿಯ ಮೆಟ್ಟಿಲು ಹತ್ತಕೂಡದು ಎಂದು ಠರಾವಾಯಿತು. ಗೌರಾಬಾಯಿ ‘ಹೂಂ’ ಎಂದಳು. ಆರು ತಿಂಗಳಲ್ಲಿ ಅವಳು ಎಲ್ಲದಕ್ಕೂ ‘ಹೂಂ’ ಎಂದಿದ್ದಳು. ಯಾವುದಕ್ಕೆ ಯಾವ ಅರ್ಥದ ‘ಹೂಂ’ ಎಂದು ಯಾರೂ ವಿಚಾರಿಸಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶುಕ್ರವಾರ. ಶೆಡ್ಡಿನಲ್ಲಿ ಮನುಕಕ್ಕೆಂದು ಒಣಹಾಕಿದ ದ್ರಾಕ್ಷಿಯನ್ನು ಆಳುಗಳ ಮೇಲೆ ಬಿಟ್ಟು ರಾವಸಾಹೇಬ ಗಾಡಿ ತೆಗೆದ. ಅಲಖನೂರಿಗೆ ಹೋಗಿ ಬಸವಂತನನ್ನೂ ಗಂಗಾಳನ್ನೂ ಹತ್ತಿಸಿಕೊಂಡು, ರಾಯಬಾಗ, ಚಿಕ್ಕೋಡಿ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಗುಡ್ಡದ ಬುಡಕ್ಕೆ ಬಂದಾಗ ಹತ್ತು ಹೊಡೆದಿತ್ತು.

ಗುಡ್ಡ ಅಂಥ ಎತ್ತರದ್ದೇನಲ್ಲ. ಮೆಟ್ಟಿಲುಗಳು ಮಾತ್ರ ಗುಡ್ಡಕ್ಕಿಂತ ದೊಡ್ಡ ಮನಸ್ಸಿನವರು ಕಟ್ಟಿಸಿದಂತಿದ್ದವು. ಎರಡು ಟ್ರ್ಯಾಕ್ಟರು ಎದುರುಬದುರಾಗಿ ದಾಟುವಷ್ಟು ಅಗಲ; ಇಪ್ಪತ್ತು ಮೆಟ್ಟಿಲಿಗೊಂದು ಕಟ್ಟೆ, ಅಂಥ ಹದಿನಾಲ್ಕು ಕಟ್ಟೆ; ತುದಿಯಲ್ಲಿ ಸುಣ್ಣದ ಬಿಳುಪಿನ ಇಗರ್ಜಿ. ಮೆಟ್ಟಿಲು ಮೆಟ್ಟಿಲಿಗೂ ದಾನ ಕೊಟ್ಟವರ ಹೆಸರು ಕೊರೆದಿತ್ತು. ಗಂಗಾ ಹೆಸರುಗಳನ್ನು ತುಳಿಯದೆ ಅಂಚಿನಲ್ಲಿ ಕಾಲಿಡುತ್ತ, “ಇವರೇನ ಜನಾನೋ, ತುಳಿಸಿಕೊಳ್ಳಾಕ ರೊಕ್ಕ ಕೊಟ್ಟಾರ,” ಎಂದಳು.

ಬುಡದಲ್ಲಿ ಹೂ, ಮೇಣದಬತ್ತಿ ಮಾರುವ ಗಿರಿಜವ್ವನ ಅಂಗಡಿ ಇತ್ತು. ಕುಂಕುಮ ಹಚ್ಚಿದ ಮುದುಕಿ, ಮೂವತ್ತು ವರ್ಷದಿಂದ ಮಾವುಲಿಯ ನೆರಳಲ್ಲಿ ಹೊಟ್ಟೆ ಹೊರೆದವಳು. ಮುಂದೆ ಹಾಸಿದ ಗೋಣಿಯ ಮೇಲೆ ಹಳದಿ ಮೇಣದಲ್ಲಿ ಎರಕ ಹೊಯ್ದ ಅಂಗಾಂಗಗಳು. ಯಾವುದು ಕೆಟ್ಟಿದೆಯೋ ಅದನ್ನು ಕೊಂಡುಹೋಗಿ ದೇವಿಯ ಮುಂದಿಟ್ಟು ಬೇಡಿಕೊಳ್ಳುವುದು ಇಲ್ಲಿಯ ರೂಢಿ.

“ಕಿಡ್ನಿ ಐತೇನ ಯವ್ವಾ?” ಗಂಗಾ ಕೇಳಿದಳು.

“ಕೈ ಐತಿ, ಕಾಲ ಐತಿ, ಕಣ್ಣ ಐತಿ. ಮನಿ ಬೇಕಂದ್ರ ಮನಿ ಐತಿ, ಕೂಸ ಬೇಕಂದ್ರ ಕೂಸ. ಹ್ವಾದ ವರ್ಷ ವೀಸಾದವ್ರು ಬಂದು ಇಮಾನ ಕೇಳಿದ್ರು, ಅದನ್ನೂ ತರಿಸೇನಿ. ಕಿಡ್ನಿ ಇಲ್ಲೀತನಕ ಯಾರೂ ಕೇಳಿಲ್ಲ ನೋಡು.” ಮುದುಕಿ ರಾಶಿಯಿಂದ ಒಂದು ಮೇಣದ ಹೃದಯ ಎತ್ತಿ ತಿರುಗಿಸಿದಳು. “ಇದನ್ನ ನಡುವ ಕೊಯ್ದ ಕೊಡ್ಲಿ? ಎರಡ ಕಿಡ್ನಿ ಆಗ್ತಾವ.”

“ಒಂದಽ ಸಾಕು,” ಎಂದ ಬಸವಂತ. “ಎರಡೂ ಕೇಳಿದ್ರ ಆಸೆಬುರುಕ ಅಂತಾಳ.”

ಮುದುಕಿ ಚಾಕು ತೆಗೆದು ಹೃದಯವನ್ನು ಇಬ್ಭಾಗ ಮಾಡಿದಳು. ಗೌರಾಬಾಯಿ ಆ ಕಡೆ ಮುಖ ತಿರುವಿ ಗುಡ್ಡ ನೋಡುತ್ತ ನಿಂತಳು.

“ಮ್ಯಾಲ ಹೂ ಕೊಡ್ತಾಳೇನ ದೇವಿ? ಬಲ, ಎಡ?” ರಾವಸಾಹೇಬ ವಿಚಾರಿಸಿದ.

“ಹೂವಿಂದು ನನಗ ಗೊತ್ತಿಲ್ರಿ ಸಾವಕಾರ್ರ. ನನ್ನ ಮೊಣಕಾಲ ಇದ್ದಾಗ ಹತ್ತಿದಾಕಿ. ಖರೇ, ಒಳಗ ಒಂದು ಕಟಗಿ ಪೆಟ್ಟಿಗಿ ಐತಿ, ಕಪಾಟದಂಗ. ಅದರಾಗ ಸ್ವಾಮಿ ಕುಂತಿರ್ತಾರ, ಕಾಣಂಗಿಲ್ಲ. ಜಾಳಗಿ ಕಡೆ ಬಾಯಿ ಮಾಡಿ ಹೇಳ್ಕೋಬೇಕು, ಒಳಗಿಂದ ಉತ್ತರ ಬರ್ತೈತಿ. ಅಳಕೋತ ಹೋದವ್ರು ಹಗರ ಆಗಿ ಬರೂದು ನೋಡೇನಿ.”

“ಹೇಳಿಕಿ!” ಎಂದಳು ಗಂಗಾ. ಅವಳ ಕಣ್ಣು ಹೊಳೆದವು. ದೇವರು ಮೈಮೇಲೆ ಬಂದವರು ಹೇಳಿಕೆ ಕೊಡುವುದನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. ಪೆಟ್ಟಿಗೆಯೊಳಗೆ ಕೂತು ಕೊಡುವುದು ಹೊಸದು, ಅಷ್ಟೇ.

ಹತ್ತತೊಡಗಿದರು. ಗುಡ್ಡದ ಹಿಂದಿನ ಗಾಡಿರಸ್ತೆ ಹೋದ ಮಳೆಗಾಲದಲ್ಲಿ ಕುಸಿದಿತ್ತು. ಬಸವಂತ ಮೆಟ್ಟಿಲನ್ನೇ ಹತ್ತಬೇಕಾಯಿತು. ಕೆಳಗೆ ಗಾಡಿಯಲ್ಲೇ ಕೂತಿರು ಎಂದರೆ ಕೇಳಲಿಲ್ಲ. ಆಚೀಚೆ ಯಾತ್ರಿಕರು, ಹೆಚ್ಚಿನವರು ಹೆಂಗಸರು, ಮೊಣಕಾಲಿನ ಮೇಲೆಯೇ ಒಂದೊಂದು ಮೆಟ್ಟಿಲು ಏರುತ್ತಿದ್ದರು. ಕಟ್ಟೆಗೊಂದರಂತೆ ಕಲ್ಲಿನಲ್ಲಿ ಕೆತ್ತಿದ ಚಿತ್ರ: ಏಸುವನ್ನು ಶಿಲುಬೆಗೆ ಒಯ್ಯುವ ಕಥೆ. ಕೆಳಗೆ ಮರಾಠಿಯಲ್ಲಿ ಎರಡು ಸಾಲು.

ಮೂರನೆಯ ಕಟ್ಟೆಯಲ್ಲಿ ಏಸು ಶಿಲುಬೆಯ ಭಾರಕ್ಕೆ ಬಿದ್ದಿದ್ದ. ಬಸವಂತನೂ ಅಲ್ಲೇ ಕುಸಿದು ಕೂತ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಉಸಿರಿಗೆ ಹಗ್ಗ ಕಟ್ಟಿ ಎಳೆದಂತೆ ಎದೆ ಏಳುತ್ತಿತ್ತು.

“ಇವರೂ ಇಲ್ಲೇ ಬಿದ್ದಾರ,” ಎಂದ ಚಿತ್ರ ತೋರಿಸಿ. “ಮುಂದ ಎಷ್ಟ ಸಲ ಬೀಳ್ತಾರ ನೋಡ್ರಿ ದಾಜಿ, ಅಷ್ಟ ಸಲ ನನಗೂ ಸೂಟಿ.”

ರಾವಸಾಹೇಬ ಮುಂದೆ ಹೋಗಿ ಎಣಿಸಿ ಬಂದು, “ಇನ್ನೂ ಎರಡ ಸಲ ಐತಿ,” ಎಂದು ವರದಿ ಕೊಟ್ಟ.

ಐದನೆಯ ಕಟ್ಟೆಯಲ್ಲಿ ದಾರಿಹೋಕನೊಬ್ಬ ಶಿಲುಬೆಗೆ ಹೆಗಲು ಕೊಟ್ಟಿದ್ದ. ಗಂಗಾ ಅದನ್ನು ಬಿಡಲಿಲ್ಲ.

“ನೋಡ್ರಿ ಅಣ್ಣಾರ. ಸಂಬಂಧ ಇಲ್ಲ, ಕಳ್ಳುಬಳ್ಳಿ ಇಲ್ಲ, ರಸ್ತಾದಾಗ ಹೋಗಾಂವ ಹೆಗಲ ಕೊಟ್ಟಾನ.”

“ಕೆಳಗ ಏನ ಬರದಾರ ಓದಬೇಕಲ್ಲ?” ಎಂದ ರಾವಸಾಹೇಬ. “ಸಿಪಾಯಿಗೋಳು ಹಿಡದು ಜುಲುಮೀಲೆ ಹೊರಿಸ್ಯಾರ ಅಂತ ಐತಿ. ಆಂವಗ ಮನಸ ಐತೇನು ಅಂತ ಯಾರೂ ಕೇಳಿಲ್ಲ.”

ಗೌರಾಬಾಯಿ ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ.

ಜಗಳ ಹೊತ್ತಿಕೊಂಡದ್ದು ಏಳನೆಯ ಕಟ್ಟೆಯಲ್ಲಿ, ಏಸು ಎರಡನೆಯ ಸಲ ಬಿದ್ದಲ್ಲಿ. ಬಸವಂತ ಅಕ್ಕನ ತೊಡೆಗೆ ತಲೆಕೊಟ್ಟು ಮಲಗಿದ್ದ. ಗಂಗಾ ಏನೋ ಲೆಕ್ಕ ಹಾಕುತ್ತಿದ್ದವಳು ಥಟ್ಟನೆ ಕೇಳಿದಳು:

“ಅಣ್ಣಾರ, ನಿಮ್ಮ ದೇವರು ಎಡಕ್ಕ ಹೂ ಕೊಟ್ಟ ಅಂದ್ರಲ್ಲ, ಯಾರ ಎಡಕ್ಕ?”

“ಯಾರ ಎಡಕ್ಕ ಅಂದ್ರ? ಎಡಕ್ಕ. ಎದುರಿಗೆ ನಿಂತವ್ರ ಎಡಕ್ಕ.”

“ಎದುರಿಗೆ ನಿಂತವ್ರ ಎಡಕ್ಕ ಬಿತ್ತಂದ್ರ ದೇವರ ಬಲಗೈಯಿಂದ ಬಿತ್ತು. ನಮ್ಮಲ್ಲಿ ದೇವರ ಕೈ ನೋಡ್ತಾರ್ರಿ. ನಮ್ಮ ದೇವರೂ ಬಲಗೈಲೆ ಕೊಟ್ಟಾನ, ನಿಮ್ಮ ದೇವರೂ ಬಲಗೈಲೆ ಕೊಟ್ಟಾನ!” ಅವಳು ಎದ್ದೇ ನಿಂತಳು. “ಇಬ್ರೂ ಆಗಲಿ ಅಂದಾರ! ಆರ ತಿಂಗಳಿಂದ ಸುಳ್ಳಽ ತಡದೀರಿ!”

ರಾವಸಾಹೇಬ ಸ್ವಲ್ಪ ಹೊತ್ತು ಗಾಳಿಯಲ್ಲಿ ಎರಡೂ ಕೈ ಆಡಿಸಿ ನೋಡಿಕೊಂಡ. ಲೆಕ್ಕ ಸರಿಯಾಗೇ ಇತ್ತು. ಆದರೆ ಹತ್ತು ವರ್ಷ ಸೊಸೈಟಿಯ ಚೇರ್ಮನ್ ಆಗಿದ್ದವನು ಸರಿಯಾದ ಲೆಕ್ಕಕ್ಕೆ ಸೋಲುವುದಿಲ್ಲ.

“ಹಂಗಲ್ಲ ಗಂಗಾ. ಶಿರಗುಪ್ಪಿ ದೇವರಿಗೆ ಶಿರಗುಪ್ಪಿ ಪದ್ಧತಿ ಗೊತ್ತಿರ್ತೈತಿ. ಈ ಮಂದಿ ಎದುರು ನಿಂತು ಎಡ ಅಂದ್ರ ಬ್ಯಾಡ ಅಂತ ತಿಳಕೋತಾರ ಅನ್ನೋದು ಗೊತ್ತಿದ್ದಽ ಆಂವ ಆ ಕಡೆ ಕೊಟ್ಟಾನ. ದೇವರು ಊರ ಭಾಷಾದಾಗ ಮಾತಾಡ್ತಾನ. ಇಲ್ಲಾಂದ್ರ ಆಂವ ಎಂಥಾ ದೇವರು?”

“ನಿಮ್ಮ ಭಾಷಾದಾಗ ಮಾತಾಡೋ ದೇವರು ನಿಮ್ಮಂಗಽ ಇರ್ತಾನ ಬಿಡ್ರಿ!” ಗಂಗಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಕಲ್ಲಿನಂಗ!”

“ಏ, ಸುಮ್ನಿರಲೇ ಗಂಗಾ,” ಬಸವಂತ ಮಲಗಿದಲ್ಲಿಂದಲೇ ಅಂದ. “ಬೈಯೂದಿದ್ರ ನಾ ಬೈತೀನಿ. ನನ್ನ ದಾಜಿ ಆಂವ.”

ರಾವಸಾಹೇಬ ಬೈಗುಳಕ್ಕೆ ತಲೆ ತಗ್ಗಿಸಿ, ಮಳೆಯಲ್ಲಿ ನಿಂತ ಎಮ್ಮೆಯಂತೆ, ಅದು ನಿಲ್ಲುವ ತನಕ ಕಾದ. ಅವನಿಗೆ ರೂಢಿಯಾಗಿತ್ತು. ಅಲಖನೂರಿನಲ್ಲಿ ಅವನ ಹೆಸರಿಗೆ ಹೆಣ್ಣುಮಕ್ಕಳು ಲಟಿಕೆ ಮುರಿದು ಶಾಪ ಹಾಕುತ್ತಿದ್ದರು. ‘ಅಕ್ಕ ಕೊಡಾಕ ತಯಾರದಾಳ, ಗಂಡ ಬಿಡವಲ್ಲ’ ಎಂಬುದು ರಾಯಬಾಗದಿಂದ ಕಾಗವಾಡದ ತನಕ ಎಲ್ಲರಿಗೂ ತಿಳಿದ ಸಂಗತಿ. ಸುಳ್ಳಾಗಿದ್ದರೂ ಅದು ಚೆನ್ನಾಗಿ ಬಾಳಿತ್ತು.

ನಿಜ ಬಲ್ಲವರು ಇಬ್ಬರೇ. ಹೋದ ವರ್ಷ ಸೆಪ್ಟೆಂಬರಿನಲ್ಲಿ, ಡಾಕ್ಟರು ಕೊಟ್ಟ ಕಾಗದವನ್ನು ಊಟದ ಪಡಸಾಲೆಯಲ್ಲಿ ಹರಡಿಕೊಂಡು ರಾವಸಾಹೇಬ ಪೆನ್ನಿನ ಟೊಪ್ಪಿಗೆ ತೆಗೆದಿದ್ದ. ‘ತಮ್ಮನ ಜೀವ ಐತಿ, ಕೊಡು’ ಎಂದೂ ಹೇಳಿದ್ದ. ಗೌರಾಬಾಯಿ ಬಂದು ಕಾಗದದ ಮೇಲೆ ಅಂಗೈ ಊರಿ ನಿಂತಳು. “ನನಗ ಮನಸಿಲ್ರಿ,” ಎಂದಳು. ಮತ್ತೆ, “ಇದನ್ನ ಅವರಿಗೆ ಹೇಳಬ್ಯಾಡ್ರಿ,” ಎಂದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನಲ್ಲಿ ಕೇಳಿಕೊಂಡದ್ದು ಬಹಳವಿಲ್ಲ. ಅವನು ಪೆನ್ನಿಗೆ ಟೊಪ್ಪಿಗೆ ಹಾಕಿದ. ಮರುದಿನದಿಂದ ಕೆಟ್ಟವನಾದ. ಶಿರಗುಪ್ಪಿಯ ಪೂಜಾರಿ ಎಡ ಎಂದಾಗ ಎಲ್ಲರಿಗಿಂತ ಹೆಚ್ಚು ಸಮಾಧಾನದ ಉಸಿರು ಬಿಟ್ಟವಳು ಗೌರಾಬಾಯಿ. ಈಗ ಮೂರನೆಯ ದೇವರಲ್ಲೂ ಅವಳು ಬೇಡಿಕೊಳ್ಳುತ್ತಿದ್ದದ್ದು ಅದೇ: ಬೇಡ ಎಂದು ಬಿಡು ತಾಯಿ, ನನ್ನ ಬಾಯಿಂದ ಹೇಳಿಸಬೇಡ.

ಹದಿನಾಲ್ಕನೆಯ ಕಟ್ಟೆಯಲ್ಲಿ ಏಸುವನ್ನು ಸಮಾಧಿಯಲ್ಲಿ ಇಡುತ್ತಿದ್ದರು. ಬಸವಂತ ಆ ಕಡೆ ಬೆನ್ನು ಹಾಕಿ ಕಲ್ಲಿನ ಆಸನದ ಮೇಲೆ ಒರಗಿದ. ಇನ್ನು ಹತ್ತು ಹೆಜ್ಜೆ ನಡೆಯುವುದೂ ಅವನಿಂದಾಗುತ್ತಿರಲಿಲ್ಲ.

“ನೀವಿಲ್ಲೇ ಕುಂದರ್ರಿ,” ಎಂದಳು ಗೌರಾಬಾಯಿ. “ನಾವು ಒಳಗ ಹೋಗಿ ಪದ್ಧತಿ ಏನೈತಿ ನೋಡಿ ಕರೀತೀವಿ.”

ಒಳಗೆ ತಂಪಿತ್ತು. ಮಾವುಲಿ ನೀಲಿ ಸೆರಗು ಹೊದ್ದು, ಕೂಸನ್ನು ಎತ್ತಿಕೊಂಡು, ಎತ್ತರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿದ್ದಳು. ಹೂವೆಲ್ಲ ಕೆಳಗೆ ಹೂದಾನಿಗಳಲ್ಲಿ. ಎಸಳು ಅಂಟಿಸಲು ಎಡವೂ ಸಿಗುವಂತಿರಲಿಲ್ಲ, ಬಲವೂ ಸಿಗುವಂತಿರಲಿಲ್ಲ. ಗೌರಾಬಾಯಿ ಮೇಣದ ಅರ್ಧ ಹೃದಯವನ್ನು ಉಳಿದ ಕೈಕಾಲುಗಳ ಸಾಲಿನಲ್ಲಿಟ್ಟು ಕೈಮುಗಿದಳು.

ಗಿರಿಜವ್ವ ಹೇಳಿದ ಕಟ್ಟಿಗೆಯ ಪೆಟ್ಟಿಗೆ ಬಲಗೋಡೆಗಿತ್ತು. ನಡುವೆ ಬಾಗಿಲು ಮುಚ್ಚಿದ ಖಾನೆ. ಅದರ ಪಕ್ಕದಲ್ಲಿ ಮೊಣಕಾಲೂರಲು ಹಲಗೆ, ಅದಕ್ಕೆ ನೇರಳೆ ಪರದೆ. ನಾಲ್ಕೈದು ಜನ ದೂರದಲ್ಲಿ ಸಾಲು ಹಚ್ಚಿದ್ದರು. ಪರದೆಯಿಂದ ಹೊರಬಂದ ಹೆಂಗಸು ನಿಜವಾಗಿಯೂ ಹಗುರಾಗಿ ಬಂದಳು.

“ಅವರನ್ನ ಕರೀಲೇನು?” ರಾವಸಾಹೇಬ ಕೇಳಿದ.

“ಬ್ಯಾಡ್ರಿ. ಮೊದಲ ನಾ ಕೇಳ್ತೀನಿ.”

ಅವಳ ಪಾಳಿ ಬಂದಿತು. ಪರದೆ ಸರಿಸಿ ಒಳಹೋಗಿ ಮೊಣಕಾಲೂರಿದಳು. ಕಣ್ಣಿನ ಮುಂದೆ ಸಣ್ಣ ತೂತುಗಳ ಜಾಲರಿ, ಅದರಾಚೆ ಕತ್ತಲೆ, ಕತ್ತಲೆಯಲ್ಲಿ ಒಂದು ಕಿವಿಯ ಆಕಾರ. ಆ ಕಿವಿ ಫಾದರ್ ಸಂದೇಶ ಅವರದು. ಬೆಳಗಿನಿಂದ ಅರವತ್ತು ಜನರ ಪಾಪ ಕೇಳಿ ದಣಿದಿದ್ದರು.

“ಹೇಳ್ರಿ ತಾಯಿ. ಈ ಹಿಂದ ಪಾಪನಿವೇದನಿ ಮಾಡಿ ಎಷ್ಟ ದಿನ ಆತು?”

“ಇದಽ ಮೊದಲ್ರಿ ಸ್ವಾಮ್ಯಾರ.”

ಕಿವಿ ಹೋಗಿ ಕಣ್ಣು ಬಂತು. “ನೀವು ಕ್ಯಾಥೋಲಿಕರೇನ್ರಿ?”

“ಅಲ್ರಿ. ನಾವು ಶಿರಗುಪ್ಪಿಯವ್ರು.”

ಕಣ್ಣು ಹೋಗಿ ಮತ್ತೆ ಕಿವಿ ಬಂತು. “ಇರಲಿ. ಪಾಪ ಏನ ಹೇಳೂದೈತಿ?”

“ಪಾಪ ಅಲ್ರಿ, ಪ್ರಶ್ನಿ ಐತಿ.”

“ಪ್ರಶ್ನಿಗೆ ಉತ್ತರ ಹೇಳೋ ಜಾಗಾ ಅಲ್ರಿ ಇದು. ಆದ್ರೂ ಬಂದೀರಿ. ಹೇಳ್ರಿ.”

ಹೊರಗೆ ಕಟ್ಟೆಯ ಮೇಲೆ ಗಂಗಾ ಚಡಪಡಿಸುತ್ತಿದ್ದಳು. ಒಳಹೋದವರು ಕರೆಯಲಿಲ್ಲ. ಹೇಳಿಕೆಯಾಗುವಾಗ ಮನೆಮಂದಿಯೆಲ್ಲ ಸುತ್ತ ನಿಂತು ಕಿವಿಯಾರೆ ಕೇಳಬೇಕು. ಇಲ್ಲದಿದ್ದರೆ ದೇವರು ಹೇಳಿದ್ದೊಂದು, ಊರಿಗೆ ತಲುಪಿದ್ದೊಂದು. ಅದರಲ್ಲೂ ತಲುಪಿಸುವವನು ರಾವಸಾಹೇಬ. “ಏಳ್ರಿ,” ಎಂದು ಗಂಡನ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು. “ಬಲಾನ ಎಡಾ ಮಾಡೋ ಮಂದಿ. ನಾವಽ ಕೇಳಬೇಕು.”

ಅವರು ಒಳಗೆ ಬಂದು ನೇರ ಪರದೆಯ ಹತ್ತಿರ ಹೋಗುವುದನ್ನು ಕಂಡು ರಾವಸಾಹೇಬ ಓಡಿಬಂದ.

“ಬಾ ಬಸವಂತಾ, ಅಲ್ಲಿ ದೀಪ ಹಚ್ಚೂಣು ಬಾ.”

“ಆಮ್ಯಾಲ ಹಚ್ಚೂಣ್ರಿ,” ಗಂಗಾ ಅವನ ಕೈ ಬಿಡಿಸಿದಳು.

ಸಾಲಿನಲ್ಲಿದ್ದ ಮುಂಬಯಿ ಕಡೆಯ ಹೆಂಗಸೊಬ್ಬಳು ಸಿಟ್ಟಿನಿಂದ, “ಲಾಂಬ ಥಾಂಬಾ, ಬಾಯಿ!” ಎಂದು ಪಿಸುಗುಟ್ಟಿದಳು, ದೂರ ನಿಲ್ಲಿರಿ ಎಂದು.

“ಒಳಗಿದ್ದಾಕಿ ನಮ್ಮಾಕೀನಽ, ಮಾವಶಿ,” ಎಂದಳು ಗಂಗಾ. ಪರದೆಗೂ ಅವರಿಗೂ ಮೊಳದಂತರ.

ಪರದೆಯೊಳಗೆ ಗೌರಾಬಾಯಿ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ಫಾದರ್ ಕೇಳುತ್ತಿದ್ದರು: “ದೇವರಿಗೆ ಕೇಳಿದ್ದು ಆತು. ನಿಮ್ಮ ಮನಸಿನ್ಯಾಗ ಏನೈತಿ ತಾಯಿ?”

ಆ ಪ್ರಶ್ನೆಯನ್ನು ಆರು ತಿಂಗಳಿಂದ ತಪ್ಪಿಸುತ್ತ ಬಂದಿದ್ದವಳು ಈಗ ಎದುರಿಗೆ ಮುಖವಿಲ್ಲದ್ದರಿಂದಲೋ ಏನೋ ನಿಂತುಬಿಟ್ಟಳು.

“ಕೊಡಾಕ ಮನಸಿಲ್ರಿ,” ಎಂದಳು. ದನಿ ತಾನಾಗಿಯೇ ಏರಿತು. “ಗಂಡ ಬ್ಯಾಡ ಅಂದಿಲ್ರಿ. ನಾನಽ ಒಲ್ಲೆ. ಅಂಜಿಕಿ ಬರ್ತೈತಿ, ಎಚ್ಚರ ತಪ್ಪಿಸಿ ಹೊಟ್ಟಿ ಕೊಯ್ತಾರ, ಎಚ್ಚರಾಗದಿದ್ರ? ಬರೇ ಅಂಜಿಕೀನೂ ಅಲ್ರಿ. ಅಪ್ಪ ಸತ್ತ ಮೂರನೇ ತಿಂಗಳಿಗೆ ಹೊಲದ ಕಾಗದ ತಂದ್ರು. ಅಕ್ಕತಂಗಿ ಹಕ್ಕ ಬಿಟ್ಟು ಬರಕೊಡೋದು ಪದ್ಧತಿ ಅಂದ್ರು. ಬರಕೊಟ್ಟೆ. ಎರಡ ಎಕರೆ ಹೋತಂತ ಹೊಟ್ಟಿಕಿಚ್ಚಿಲ್ರಿ ನನಗ, ನನ್ನ ಮನ್ಯಾಗ ಹದಿನಾಲ್ಕ ಎಕರೆ ಐತಿ. ಖರೇ, ಅವತ್ತ ಒಬ್ರೂ ಕೇಳಲಿಲ್ಲ, ನಿನಗ ಮನಸ ಐತೇನವಾ ಅಂತ. ಪೆನ್ನ ಕೊಟ್ರು, ಬಟ್ಟ ಇಟ್ಟ ತೋರಿಸಿದ್ರು. ಈಗ ಎಲ್ಲಾರೂ ಕೇಳಾಕತ್ತಾರ, ಮನಸ ಐತೇನು, ಮನಸ ಐತೇನು. ಇಲ್ರಿ! ಆಂವ ನನ್ನ ಬೆನ್ನಿಗೆ ಬಿದ್ದ ತಮ್ಮ, ಆಂವ ಸತ್ರ ನನಗ ಯಾರೂ ಇಲ್ಲ. ಆದ್ರೂ ಇಲ್ರಿ.”

ಜಾಲರಿಯಾಚೆ ಫಾದರ್ ಮುಂದಕ್ಕೆ ಬಾಗಿದರು.

“ತಾಯಿ, ತನ್ನ ಮೈಯಾಗಿಂದು ಕೊಡಲಿಲ್ಲಂದ್ರ ಪಾಪ ಅಂತ ಯಾವ ಪುಸ್ತಕದಾಗೂ ಬರದಿಲ್ಲ,” ಎಂದರು. “ಆದ್ರ ಇದನ್ನ ನಿಮ್ಮ ತಮ್ಮಗ ಹೇಳೀರೇನು?”

“ಇಲ್ರಿ.”

“ಆರ ತಿಂಗಳು?”

ಅವಳು ಏಳಲೆಂದು ಹಲಗೆಗೆ ಕೈಯೂರಿದಳು.

“ಅದನ್ನ ವಿಚಾರ ಮಾಡ್ರಿ,” ಎಂದರು ಫಾದರ್.

ಅವಳು ಪರದೆ ಸರಿಸಿದಾಗ ಮೂವರೂ ಎದುರಿಗಿದ್ದರು. ರಾವಸಾಹೇಬನ ಕೈ ಇನ್ನೂ ಬಸವಂತನ ಭುಜದ ಮೇಲಿತ್ತು, ಎಳೆಯಲು ಹೋಗಿ ಮರೆತ ಹಾಗೆ.

ಗಂಗಾ ಏನೋ ಹೇಳಲು ಬಾಯಿ ತೆರೆದಳು. ಇಗರ್ಜಿಯಲ್ಲಿ ಹತ್ತಾರು ತಲೆಗಳು ತಿರುಗಿದವು. ನಾಲ್ವರೂ ಹೊರಬಂದು ಹದಿನಾಲ್ಕನೆಯ ಕಟ್ಟೆಗೆ ಮರಳಿದ ಮೇಲೆ ಅವಳ ಬಾಯಿಗೆ ಮಾತು ಸಿಕ್ಕಿತು.

“ಒಲ್ಲೆ ಅನ್ನೂದಿತ್ತು ಅಂದ್ರ ಸೆಪ್ಟೆಂಬರದಾಗಽ ಅನ್ನಬೇಕಿತ್ತಲ್ರಿ ಅಕ್ಕಾರ! ಸತ್ತವರ ಕಿಡ್ನಿ ಸಲುವಾಗಿ ಲಿಸ್ಟಿನ್ಯಾಗ ಹೆಸರ ಹಚ್ರಿ ಅಂತ ಡಾಕ್ಟರ ಎರಡ ಸಲ ಅಂದಿದ್ರು. ನಮ್ಮ ಅಕ್ಕ ಅದಾಳ್ರಿ ಅಂದೆ ನಾನು. ಎದಿ ತಟ್ಟಿ ಅಂದೆ! ಆರ ತಿಂಗಳು, ಅಕ್ಕಾರ. ಹೆಸರ ಹಚ್ಚಿದ್ರ ಆರ ತಿಂಗಳು ಮುಂದ ಇರತಿದ್ವಿ.”

ತನ್ನ ತಪ್ಪೆಂದು ಗೌರಾಬಾಯಿಗೆ ಗೊತ್ತಿದ್ದದ್ದು ಇದೊಂದೇ, ಮತ್ತು ಇದನ್ನೇ ಅವಳು ಫಾದರಿಗೆ ಹೇಳಿರಲಿಲ್ಲ.

“ಆಕಿಗೆ ಬೈಬ್ಯಾಡ,” ರಾವಸಾಹೇಬ ನಡುವೆ ಬಂದ. “ಸಹಿ ಮಾಡಂಗಿಲ್ಲ ಅಂದಾಂವ ನಾನು. ಆಕಿ ನನ್ನ ಅಂಜಿಕಿಗೆ ಹಂಗಂದಾಳ.”

“ಸಾಕ ಬಿಡ್ರಿ ಅಣ್ಣಾರ. ಇನ್ನೂ ಎಷ್ಟ ಸುಳ್ಳ ಹೇಳ್ತೀರಿ?” ಎಂದು ಗಂಗಾ ಸೆರಗಿನಿಂದ ಮೂಗು ಒರೆಸಿಕೊಂಡು ದಡದಡನೆ ಇಳಿದು ಹೋದಳು. ಈ ಸಲ ಹೆಸರುಗಳನ್ನು ತುಳಿದಳೋ ಬಿಟ್ಟಳೋ ನೋಡಲಿಲ್ಲ.

ಬಸವಂತ ಮೆಟ್ಟಿಲ ಮೇಲೆ ಕೂತ. “ದಾಜಿ,” ಎಂದ. “ಆರ ತಿಂಗಳಿಂದ ನಿಮ್ಮ ಅವ್ವನ ಹೆಸರ ಹಿಡದು ಬೈದೇನಿ.”

“ಕಿವೀಗೆ ಬಿದ್ದೈತಿ.”

“ಸಂತ್ಯಾಗ ನಿಂತು ಬೈದೇನಿ.”

“ಅದೂ ಬಂದೈತಿ. ಚಲೋ ಬೈತಿ ನೀನು.” ರಾವಸಾಹೇಬ ರುಮಾಲಿನಿಂದ ಮುಖ ಒರೆಸಿಕೊಂಡು, ಗಂಗಾ ಹೋದ ಕಡೆ ನೋಡಿದ. “ಆಕಿನ್ನ ಒಬ್ಬಾಕಿನ್ನಽ ಬಿಡಬಾರದು,” ಎಂದು ಅವನೂ ಇಳಿದ. ಅಕ್ಕತಮ್ಮ ಉಳಿದರು.

ಗೌರಾಬಾಯಿ ಒಂದು ಮೆಟ್ಟಿಲು ಮೇಲೆ ನಿಂತೇ ಇದ್ದಳು.

“ಹೊಲದ ಕಾಗದ ಮಾಡಿಸಿದಾಗ ನಾ ಹತ್ತೊಂಬತ್ತ ವರ್ಷದಾಂವ,” ಎಂದ ಬಸವಂತ ಹಿಂದಿರುಗಿ ನೋಡದೆ. “ಕಾಕಾಗೋಳು ಮಾಡಿಸಿದ್ರು. ನಾ ಕೇಳಿದ್ದಿಲ್ಲ ನಿನಗ.”

“ಹೂಂ.”

“ಇದನ್ನೂ ಕೇಳಿಲ್ಲ, ನೆನಪ ಮಾಡ್ಕೊ. ಗಂಗಾ ಕೇಳಿದಳು, ಡಾಕ್ಟರ ಕೇಳಿದ್ರು, ದೇವರಿಗೆ ಕೇಳಿಸಿದ್ವಿ. ನಾ ಬಾಯಿಬಿಟ್ಟು ಒಮ್ಮೆನೂ ಕೇಳಿಲ್ಲ.”

ಅವಳು ನೆನಪು ಮಾಡಿಕೊಂಡಳು. ಹೌದಾಗಿತ್ತು. “ಯಾಕ ಕೇಳಲಿಲ್ಲ?”

“ನೀ ಒಲ್ಲೆ ಅಂದ್ರ?” ಅವನು ನಕ್ಕ ಹಾಗಿತ್ತು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಅವನು ತಿರುಗಿದ. ಊದಿದ ಕಣ್ಣುರೆಪ್ಪೆಗಳ ಸಂದಿನಿಂದ ಅವಳನ್ನು ನೇರ ನೋಡಿದ. “ಈಗ ಕೇಳ್ತೀನಿ. ಅಕ್ಕಾ, ನನಗ ನಿನ್ನ ಒಂದು ಕಿಡ್ನಿ ಕೊಡ್ತಿ?”

ಮೊಣಕಾಲಿನ ಮೇಲೆ ಏರಿಬಂದ ಒಬ್ಬ ಮುದುಕಿ ಅವರನ್ನು ಬಳಸಿಕೊಂಡು ಮೇಲೆ ಹೋದಳು. ಗೌರಾಬಾಯಿ ಅವಳು ದಾಟುವ ತನಕ ಕಾದಳು. ಇಗರ್ಜಿಯ ಕಡೆ ನೋಡಲಿಲ್ಲ, ಗಂಡ ಇಳಿಯುತ್ತಿದ್ದ ಕಡೆಯೂ ನೋಡಲಿಲ್ಲ.

“ಒಲ್ಲೆ, ತಮ್ಮಾ,” ಎಂದಳು.

ಬಸವಂತ ತಲೆಯಾಡಿಸಿದ.

“ಮಂಗಳವಾರ ಹೋಗಿ ಲಿಸ್ಟಿನ್ಯಾಗ ಹೆಸರ ಹಚ್ಚತೀನಿ,” ಎಂದ. “ಮೂರ ವರ್ಷ ಅಂತಾರ, ನಾಕ ಅಂತಾರ. ನೋಡೂಣು.”

“ನಾನೂ ಬರಲೇನು?”

“ಗಂಗಾ ಬಾಗಲಾಗ ನಿಂತು ಒದೀತಾಳ.”

“ಒದೀಲಿ.”

ಅವನು ಏಳಲು ಹೋದ, ಆಗಲಿಲ್ಲ. ಮತ್ತೊಮ್ಮೆ ಹೋದ. ಗೌರಾಬಾಯಿಯ ಕೈ ಅರ್ಧಕ್ಕೆ ಬಂದು ನಿಂತಿತು. ಹಿಡಿಯುವ ಹಕ್ಕು ತನಗಿನ್ನೂ ಇದೆಯೋ ಇಲ್ಲವೋ ತಿಳಿಯದ ಹಾಗೆ.

“ಹಿಡೀ ಅಕ್ಕಾ,” ಎಂದ ಬಸವಂತ. “ಕೈ ಹಿಡ್ಯಾಕೂ ಮೂರ ದೇವರಿಗೆ ಕೇಳಬೇಕೇನು?”

ಅವಳು ಅವನ ಎಡಗೈಗೆ ಕೈ ಹಾಕಿದಳು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ನರ ಜೋಡಿಸಿದ ಕಡೆ ಚರ್ಮದಡಿ ಏನೋ ಜೇನುನೊಣದ ಹಾಗೆ ಗುಂಯ್ಯೆನ್ನುತ್ತಿತ್ತು. ಬೆಚ್ಚಿ ಬಿಟ್ಟಳು. “ಆ ಕೈ ಅಲ್ಲ, ಅದನ್ನ ಒತ್ತಬಾರದು,” ಎಂದ. ಒಂದು ವರ್ಷದಿಂದ ಅವನ ಕೈಯಲ್ಲಿ ಹೀಗೊಂದು ಸದ್ದು ಇರುವುದು ಅವಳಿಗೆ ಗೊತ್ತಿರಲಿಲ್ಲ. ಸುತ್ತಿ ಬಂದು ಬಲಗೈ ಹಿಡಿದು ಎತ್ತಿದಳು. ಭಾರವಿರುತ್ತದೆಂದು ಕಾಲೂರಿ ಎಳೆದವಳಿಗೆ ಜೋಲಿ ತಪ್ಪಿತು. ಅವನಲ್ಲಿ ಎತ್ತುವಷ್ಟು ಏನೂ ಉಳಿದಿರಲಿಲ್ಲ.